ಕಾಯಿಲೆಯ ರಜೆ ಮತ್ತು ಕೆಲಸಕ್ಕೆ ಮರಳುವ ದಾರಿ

(ಲಿಂಗಂಪಲ್ಲಿಯಲ್ಲಿ ನಡೆದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹೊರನಾಡಿನ ಕನ್ನಡ ಸಭೆಗಳಲ್ಲಿ ಸಾಮಾನ್ಯವಾಗಿ ಭಾಷೆಯ ಅಳಿವು ಉಳಿವು, ಮಕ್ಕಳ ಕನ್ನಡ ಕಲಿಕೆ, ರಾಜ್ಯೋತ್ಸವದ ಏರ್ಪಾಡು ಇವೇ ಚರ್ಚೆಗೆ ಬರುತ್ತವೆ. ನೌಕರರ ಕಾಯಿಲೆಯ ರಜೆಯನ್ನು ಕುರಿತು ಮಾತನಾಡುತ್ತೇನೆಂದು ನಾನು ತಿಳಿಸಿದಾಗ ಕಾರ್ಯದರ್ಶಿಗಳು ಸ್ವಲ್ಪ ಅಚ್ಚರಿಪಟ್ಟರು. ಆದರೆ ನಾವೆಲ್ಲ ಈ ಊರಿಗೆ ಬಂದದ್ದು ಕೆಲಸವನ್ನು ನೆಚ್ಚಿ. ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆ, ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳು, ಹೈದರಾಬಾದ್ ವಿಶ್ವವಿದ್ಯಾಲಯ, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳು, ಈಚಿನ ವರ್ಷಗಳಲ್ಲಿ ಗಚ್ಚಿಬೌಲಿಯ ಸಾಫ್ಟ್‌ವೇರ್ ಸಂಸ್ಥೆಗಳು, ಇವುಗಳಲ್ಲಿ ಒಂದಲ್ಲ ಒಂದು ನಮ್ಮನ್ನು ಇಲ್ಲಿಗೆ ಕರೆತಂದಿದೆ. ಭಾಷೆ ಉಳಿಯಬೇಕಾದರೆ ಮನೆ ಉಳಿಯಬೇಕು. ಹೊರನಾಡಿನಲ್ಲಿ ಮನೆ ನಿಂತಿರುವುದು ತಿಂಗಳ ಸಂಬಳದ ಮೇಲೆ. ಮನೆಯ ಯಜಮಾನನೋ ಯಜಮಾನಿಯೋ ಹಾಸಿಗೆ ಹಿಡಿದ ದಿನ ಆ ಆಧಾರವೇ ಅಲುಗಾಡುತ್ತದೆ.

ಲಿಂಗಂಪಲ್ಲಿ ನಿಲ್ದಾಣವನ್ನು ಹಾದುಹೋಗುವ ಸಿಕಂದರಾಬಾದ್-ವಾಡಿ ರೈಲುಮಾರ್ಗ 1874ರಲ್ಲಿ ತೆರೆಯಿತು. ವಿಕಾರಾಬಾದಿನಲ್ಲಿ ಅದು ಕವಲೊಡೆದು ಒಂದು ಕಡೆ ಬೀದರಿಗೂ ಇನ್ನೊಂದು ಕಡೆ ತಾಂಡೂರು, ಸೇಡಂ ದಾಟಿ ವಾಡಿಗೂ ಹೋಗುತ್ತದೆ. ನಮ್ಮಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಬಂದದ್ದು ಈ ದಾರಿಯಲ್ಲಿ. ಕಾಯಿಲೆ ಬಿದ್ದಾಗ ತಾಯಿಯ ಆರೈಕೆಗೆಂದು ಊರಿಗೆ ಹೋಗುವುದೂ ಇದೇ ದಾರಿಯಲ್ಲಿ. ಹೋದವರು ಮತ್ತೆ ತಮ್ಮ ಕುರ್ಚಿಗೆ ಮರಳುವುದು ಹೇಗೆ ಎಂಬುದು ಇಂದಿನ ನನ್ನ ವಿಷಯ.

ಮೂರು ದಶಕಗಳಿಗೆ ಸಮೀಪದ ನನ್ನ ಸೇವೆಯಲ್ಲಿ ಹೆಚ್ಚಿನ ಕಾಲ ಆಡಳಿತ ವಿಭಾಗದಲ್ಲಿಯೇ ಕಳೆದಿದೆ. ರಜೆಯ ಕಡತಗಳನ್ನು ನೋಡುವುದು ನನ್ನ ದಿನನಿತ್ಯದ ಕೆಲಸ. ಇಲ್ಲಿ ಹೇಳುವ ಅಭಿಪ್ರಾಯಗಳು ನನ್ನ ಸ್ವಂತದವು. ಇಲಾಖೆಗೆ ಅವುಗಳ ಹೊಣೆಯಿಲ್ಲ.

ಅನುಮಾನದ ಕಣ್ಣು

ನೌಕರನೊಬ್ಬ ಕಾಯಿಲೆಯೆಂದು ಅರ್ಜಿ ಕಳಿಸಿದಾಗ ಕಚೇರಿಯಲ್ಲಿ ಹುಟ್ಟುವ ಮೊದಲ ಪ್ರಶ್ನೆ 'ನಿಜವೇ?' ಎಂಬುದು. 'ಹೇಗಿದ್ದಾರೆ?' ಎಂಬುದು ಎಷ್ಟೋ ಹೊತ್ತಿನ ಮೇಲೆ ಬರುತ್ತದೆ, ಬಂದರೆ. ಈ ಅನುಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಹಬ್ಬದ ಹಿಂದುಮುಂದಿನ ಜ್ವರ, ವರ್ಗಾವಣೆಯ ಆದೇಶದ ಮರುದಿನದ ಬೆನ್ನುನೋವು ಆಡಳಿತದಲ್ಲಿರುವ ಎಲ್ಲರಿಗೂ ಪರಿಚಿತ. ಅವುಗಳಿಗೆ ನಿಯಮದಲ್ಲಿಯೇ ಉತ್ತರವಿದೆ. ಸಂಶಯ ಬಂದರೆ ಸರ್ಕಾರಿ ವೈದ್ಯಾಧಿಕಾರಿಯಿಂದ ಎರಡನೆಯ ಅಭಿಪ್ರಾಯ ಪಡೆಯಬಹುದು. ಅದನ್ನು ಆದಷ್ಟು ಬೇಗ ಪಡೆಯಬೇಕೆಂದೂ ನಿಯಮ ಹೇಳುತ್ತದೆ. ತೊಂದರೆಯಿರುವುದು, ಕೆಲವರ ಸಲುವಾಗಿ ಹುಟ್ಟಿದ ಅನುಮಾನವನ್ನು ಎಲ್ಲ ರೋಗಿಗಳ ಮೇಲೆ ಹೊರಿಸುವುದರಲ್ಲಿ. ಎರಡು ದಿನದ ನೆಗಡಿಯವನನ್ನೂ ಆರು ತಿಂಗಳ ಕ್ಷಯದವನನ್ನೂ ಹಾಜರಿ ಪುಸ್ತಕ ಒಂದೇ ಕೆಂಪು ಶಾಯಿಯಲ್ಲಿ ಗುರುತಿಸುತ್ತದೆ. ಪುಸ್ತಕಕ್ಕೆ ದಿನಗಳ ಲೆಕ್ಕ ಗೊತ್ತು, ಕಾರಣ ಗೊತ್ತಿಲ್ಲ.

ಇಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಒಂದು ಅಧ್ಯಯನವನ್ನು ನೆನೆಯಬೇಕು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ, ತಮ್ಮ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ವಿದ್ಯಾವಂತರ ನಂಬಿಕೆ. ಅಧ್ಯಯನ ಕಂಡದ್ದೇ ಬೇರೆ. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧದಷ್ಟು ಜನ ಚಿಕಿತ್ಸೆ ಅರಸಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯ ಬಾಟಲಿ. ದೋಷವಿದ್ದದ್ದು ರೋಗಿಯನ್ನು ಬರಮಾಡಿಕೊಂಡ ವ್ಯವಸ್ಥೆಯಲ್ಲಿ. ಕಚೇರಿಗಳ ವಿಷಯದಲ್ಲಿಯೂ ನನ್ನ ಅನುಭವ ಇದಕ್ಕೆ ಹತ್ತಿರವಾದದ್ದು. ದೀರ್ಘ ಕಾಯಿಲೆಯಿಂದ ಎದ್ದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಬರಲು ಹಂಬಲಿಸುತ್ತಾರೆ. ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದು ನಮಗೆ ತಿಳಿದಿಲ್ಲ.

ಕನ್ನಡಿಗರಾದ ನಮಗೆ ಇನ್ನೊಂದು ಮಾತನ್ನೂ ಹೇಳಬೇಕು. ಕಾಯಕವನ್ನು ಪೂಜೆಗೆ ಸಮನೆಂದು ಎಣಿಸಿದ ನಾಡಿನವರು ನಾವು. ಅದು ಹೆಮ್ಮೆಯ ವಿಷಯ. ಆದರೆ ಕಾಯಿಲೆ ಬಿದ್ದವನು ಕೆಲಸ ಮಾಡಲಾಗದ್ದಕ್ಕೆ ತಾನೇ ತಪ್ಪಿತಸ್ಥನೆಂದು ಕುಗ್ಗುವುದಕ್ಕೂ, ಪೂರ್ತಿ ಗುಣವಾಗುವ ಮೊದಲೇ ಎದ್ದು ಬಂದು ಮತ್ತೆ ಮಲಗುವುದಕ್ಕೂ ಈ ಮೌಲ್ಯವನ್ನು ಅರೆಬರೆ ತಿಳಿದದ್ದು ಕಾರಣವಾಗುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣದ ನೆನಪನ್ನು ಹೊತ್ತು ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಶರಣರು ಕಾಯಕದ ಜತೆಯಲ್ಲಿಯೇ ದಾಸೋಹವನ್ನೂ ಇಟ್ಟಿದ್ದರು. ದುಡಿಯಲಾರದ ದಿನಗಳಲ್ಲಿ ದುಡಿಯುವವರು ಕೈಹಿಡಿಯುವುದು ಆ ವ್ಯವಸ್ಥೆಯ ಭಾಗವೇ ಆಗಿತ್ತು.

ನಿಯಮಗಳು ಕೊಟ್ಟಿರುವುದು

ಕೇಂದ್ರ ಸರ್ಕಾರದ ನೌಕರರಿಗೆ 1972ರ ರಜೆ ನಿಯಮಗಳು ಅನ್ವಯಿಸುತ್ತವೆ. ವರ್ಷಕ್ಕೆ 30 ದಿನಗಳ ಗಳಿಕೆ ರಜೆಯ ಜತೆಗೆ 20 ದಿನಗಳ ಅರ್ಧ ವೇತನದ ರಜೆ ಖಾತೆಗೆ ಸೇರುತ್ತದೆ. ವೈದ್ಯರ ಪ್ರಮಾಣಪತ್ರವಿದ್ದರೆ ಅರ್ಧ ವೇತನದ ಎರಡು ದಿನಗಳನ್ನು ಪೂರ್ಣ ವೇತನದ ಒಂದು ದಿನವಾಗಿ ಪರಿವರ್ತಿಸಿಕೊಳ್ಳಬಹುದು. ಹತ್ತು ವರ್ಷ ಸೇವೆ ಮಾಡಿ ಈ ರಜೆಯನ್ನು ಮುಟ್ಟದವರಿಗೆ 200 ದಿನಗಳು ಸೇರಿರುತ್ತವೆ. ಅದು ಪೂರ್ಣ ವೇತನದ 100 ದಿನಗಳಿಗೆ ಸಮ. ಸೇವೆಗೆ ಸೇರಿ ಎರಡೇ ವರ್ಷವಾದ ಹುಡುಗನಿಗೆ ಹೀಗೆ ಸಿಗುವುದು 20 ದಿನ. ಕ್ಷಯಕ್ಕೆ ಚಿಕಿತ್ಸೆಯೇ ಕನಿಷ್ಠ ಆರು ತಿಂಗಳು. ಊರು ಬಿಟ್ಟು ಬಂದು ಹೊಸದಾಗಿ ಕೆಲಸಕ್ಕೆ ಸೇರಿದವನಿಗೇ ರಜೆಯ ಗಂಟು ಚಿಕ್ಕದಾಗಿರುತ್ತದೆ ಎಂಬುದನ್ನು ಗಮನಿಸಬೇಕು.

ಖಾತೆ ಬರಿದಾದರೂ ದಾರಿ ಮುಚ್ಚುವುದಿಲ್ಲ. ಕಚೇರಿಯಲ್ಲಿ 'ಲೀವ್ ನಾಟ್ ಡ್ಯೂ' ಎಂದು ಕರೆಯುವ ರಜೆಯೊಂದಿದೆ. ಮುಂದೆ ಗಳಿಸಲಿರುವ ಅರ್ಧ ವೇತನದ ರಜೆಯನ್ನು ಮುಂಗಡವಾಗಿ ಕೊಡುವುದು ಅದು. ಇಡೀ ಸೇವೆಯಲ್ಲಿ 360 ದಿನಗಳವರೆಗೆ. ಇನ್ನೂ ಕಾಯಂ ಆಗದ ನೌಕರ ಒಂದು ವರ್ಷ ಸೇವೆ ಮುಗಿಸಿದ್ದರೆ ಕ್ಷಯ, ಕುಷ್ಠ, ಕ್ಯಾನ್ಸರ್, ಮಾನಸಿಕ ಕಾಯಿಲೆಗಳ ಚಿಕಿತ್ಸೆಗಾಗಿ 18 ತಿಂಗಳವರೆಗೆ ವೇತನವಿಲ್ಲದ ಅಸಾಧಾರಣ ರಜೆಯನ್ನು ಕೊಡಬಹುದು. ಸಂಬಳ ಬಾರದಿದ್ದರೂ ಕೆಲಸ ಉಳಿಯುತ್ತದೆ.

ಮುಂಗಡ ರಜೆಯ ನಿಯಮದಲ್ಲಿ ಒಂದು ಷರತ್ತಿದೆ. ರಜೆ ಮುಗಿದ ಮೇಲೆ ನೌಕರನು ಕೆಲಸಕ್ಕೆ ಮರಳುವ ಸಾಧ್ಯತೆ ಇದೆಯೆಂದು ಮಂಜೂರು ಮಾಡುವ ಅಧಿಕಾರಿಗೆ ಮನವರಿಕೆಯಾಗಿರಬೇಕು. ನಾವು ಈ ಸಾಧ್ಯತೆಯನ್ನು ವೈದ್ಯರ ಚೀಟಿಯಲ್ಲಿ ಹುಡುಕುತ್ತೇವೆ. ಅದು ಅರ್ಧ ರೋಗಿಯ ದೇಹದಲ್ಲಿದ್ದರೆ ಇನ್ನರ್ಧ ಅವನಿಗಾಗಿ ಕಚೇರಿ ಮಾಡುವ ಏರ್ಪಾಡಿನಲ್ಲಿದೆ. ನಾನು ಇಂದು ಒತ್ತಿ ಹೇಳಬೇಕೆಂದಿರುವ ಮಾತು ಇದೇ.

ಕಾರ್ಖಾನೆಗಳಲ್ಲಿ ದುಡಿಯುವವರಿಗೆ ನೌಕರರ ರಾಜ್ಯ ವಿಮಾ ಯೋಜನೆ, ಎಂದರೆ ಇ.ಎಸ್.ಐ. ಇದೆ. ಪ್ರೊ. ಬಿ. ಪಿ. ಅದರ್ಕರ್ ಅವರು 1944ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿ, 1948ರಲ್ಲಿ ಕಾಯಿದೆಯಾಗಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂದ ಯೋಜನೆ ಇದು. ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ಕೂಲಿಯ ಶೇಕಡಾ 70 ಭಾಗ ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘ ಕಾಯಿಲೆಗಳಿಗೆ, ಸೇವೆಯ ಷರತ್ತು ಪೂರೈಸಿದವರಿಗೆ, ಎರಡು ವರ್ಷಗಳವರೆಗೆ ಶೇಕಡಾ 80. ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೆ ಶೇಕಡಾ 90. ಕಾಯಿಲೆಯ ಸಹಾಯಧನ ಪಡೆಯುತ್ತಿರುವ ಕಾರ್ಮಿಕನನ್ನು ಕೆಲಸದಿಂದ ತೆಗೆಯಬಾರದು, ದಂಡಿಸಬಾರದು ಎಂದು 1948ರ ಕಾಯಿದೆಯ 73ನೆಯ ಕಲಮು ಮಾಲೀಕರನ್ನು ಕಟ್ಟಿಹಾಕಿತ್ತು. ಆ ಕಾಯಿದೆಯ ವಿಷಯಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹಳೆಯ ರಕ್ಷಣೆಗಳು ಹೊಸ ಪುಸ್ತಕದಲ್ಲಿಯೂ ನಡೆಯಲ್ಲಿಯೂ ಸಡಿಲವಾಗದಂತೆ ನೋಡಿಕೊಳ್ಳುವುದು ಕಾರ್ಮಿಕ ಸಂಘಗಳ ಕೆಲಸ. ನಮ್ಮಂಥ ಸಂಘಗಳದೂ ಹೌದು.

ಎರಡು ಪದಗಳ ನಡುವಿನ ಕಾಲ

ನಮ್ಮ ನಿಯಮಗಳಿಗೆ ಎರಡೇ ಸ್ಥಿತಿಗಳು ಗೊತ್ತು: ಅನ್‌ಫಿಟ್ ಮತ್ತು ಫಿಟ್. ವೈದ್ಯಕೀಯ ರಜೆಯ ಮೇಲೆ ಹೋದವನು ಫಿಟ್‌ನೆಸ್ ಸರ್ಟಿಫಿಕೇಟ್ ತಾರದೆ ಕೆಲಸಕ್ಕೆ ಬರುವಂತಿಲ್ಲ. ತಂದ ದಿನದಿಂದ ಅವನು ಪೂರ್ತಿ ಸ್ವಸ್ಥ. ಹಳೆಯ ಕೆಲಸವಷ್ಟೂ, ಜತೆಗೆ ಮೂರು ತಿಂಗಳು ಕೂಡಿಬಿದ್ದ ಕಡತಗಳೂ ಅವನ ಮೇಜಿನ ಮೇಲೆ. ಆದರೆ ದೇಹ ಗುಣವಾಗುವುದು ಬೆಳಗಾಗುವ ಹಾಗೆ, ನಿಧಾನವಾಗಿ. ಆಸ್ಪತ್ರೆಯಿಂದ ಬಂದವನು ಮೊದಲು ಮನೆಯೊಳಗೆ ನಡೆಯುತ್ತಾನೆ, ಆಮೇಲೆ ಬೀದಿಯ ಕೊನೆಯವರೆಗೆ. ಅವನನ್ನು ಒಂದೇ ದಿನದಲ್ಲಿ ಎಂಟು ಗಂಟೆಯ ದುಡಿಮೆಗೂ, ಲೋಕಲ್ ಗಾಡಿಯ ನೂಕುನುಗ್ಗಲಿಗೂ ಒಡ್ಡಿದರೆ ಮತ್ತೆ ರಜೆಗೆ ಹೋಗುವನಲ್ಲದೆ ಬೇರೇನು ಮಾಡಿಯಾನು?

ಹೊರದೇಶಗಳು ಈ ನಡುವಿನ ಕಾಲಕ್ಕೆ ಹೆಸರು ಕೊಟ್ಟಿವೆ. ಬ್ರಿಟನ್ನಿನಲ್ಲಿ 2010ರ ಏಪ್ರಿಲ್‌ನಿಂದ ವೈದ್ಯರು ಬರೆಯುವ ಚೀಟಿಯಲ್ಲಿ 'ಕೆಲಸಕ್ಕೆ ಬರಲಾರರು' ಎಂಬುದರ ಜತೆಗೆ 'ಏರ್ಪಾಡು ಮಾಡಿಕೊಟ್ಟರೆ ಬರಬಹುದು' ಎಂಬ ಇನ್ನೊಂದು ಆಯ್ಕೆಯೂ ಇದೆ. ಹಂತಹಂತವಾಗಿ ಮರಳುವುದು, ಕೆಲಸದ ಸ್ವರೂಪ ಬದಲಿಸುವುದು, ವೇಳೆ ಬದಲಿಸುವುದು, ಕೆಲಸದ ಜಾಗಕ್ಕೆ ಅನುಕೂಲ ಕಲ್ಪಿಸುವುದು ಎಂಬ ನಾಲ್ಕು ಏರ್ಪಾಡುಗಳನ್ನು ಅಲ್ಲಿ ಸೂಚಿಸಿದೆ. ಜರ್ಮನಿಯಲ್ಲಿ 2004ರಿಂದ, ನೌಕರನೊಬ್ಬ ಒಂದು ವರ್ಷದಲ್ಲಿ ಒಟ್ಟು ಆರು ವಾರ ಮೀರಿ ಕಾಯಿಲೆಯಲ್ಲಿದ್ದರೆ, ಅವನು ಮರಳುವ ದಾರಿಯನ್ನು ಅವನೊಡನೆ ಕುಳಿತು ಚರ್ಚಿಸಲು ಮಾಲೀಕನೇ ಮುಂದಾಗಬೇಕೆಂಬ ಕಾನೂನಿದೆ. ರೋಗಿ ಒಪ್ಪಿದರೆ ಮಾತ್ರ ಚರ್ಚೆ, ಬಲವಂತವಿಲ್ಲ.

ನಮ್ಮಲ್ಲಿ ಇಂಥ ನಿಯಮವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಯಾರಿಗೆ ಯಾವ ಸೀಟು, ಯಾವ ಕೆಲಸ ಎಂಬುದನ್ನು ನಿರ್ಧರಿಸುವ ಅಧಿಕಾರ ವಿಭಾಗದ ಮುಖ್ಯಸ್ಥರ ಕೈಯಲ್ಲಿದೆ. ಅರ್ಧ ದಿನದ ಸಾಂದರ್ಭಿಕ ರಜೆಯಿದೆ. ಉಳಿದ ಗಳಿಕೆ ರಜೆಯನ್ನು ಬಿಡಿಬಿಡಿಯಾಗಿ ಮಂಜೂರು ಮಾಡಬಹುದು. ಈ ಮೂರನ್ನು ಸೇರಿಸಿದರೆ ಮೊದಲ ಒಂದೂವರೆ ತಿಂಗಳನ್ನು ಹಗುರ ಮಾಡಲು ಯಾವ ಹೊಸ ಆದೇಶವೂ ಬೇಕಾಗಿಲ್ಲ.

ನಾನು ನೋಡಿದ ಕೆಲವು ಪ್ರಕರಣಗಳನ್ನು ಹೇಳುತ್ತೇನೆ. ಕ್ಷಯದಿಂದ ಎದ್ದು ಬಂದ ಗುಮಾಸ್ತರೊಬ್ಬರನ್ನು ಧೂಳು ತುಂಬಿದ ದಾಖಲೆಕೋಣೆಯಿಂದ ಬಿಡಿಸಿ, ನೆಲಮಹಡಿಯಲ್ಲಿ ಕಿಟಕಿಯ ಪಕ್ಕ ಕೂರಿಸಿ, ಬಂದ ಕಾಗದಗಳನ್ನು ದಾಖಲು ಮಾಡುವ ಕೆಲಸ ಕೊಟ್ಟೆವು. ಸರಿಯಾದ ಔಷಧಿ ಬಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿಯೇ ರೋಗ ಹರಡುವ ಭಯ ಕಳೆಯುತ್ತದೆ ಎಂಬುದನ್ನು ವೈದ್ಯರೇ ಬಂದು ಸಹೋದ್ಯೋಗಿಗಳಿಗೆ ಹೇಳಿದರು. ಅದಾದ ಮೇಲೆ ಅವರ ಜತೆ ಊಟಕ್ಕೆ ಕೂರಲು ಯಾರೂ ಹಿಂಜರಿಯಲಿಲ್ಲ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಸ್ಟೆನೋ ಒಬ್ಬರಿಗೆ ಬಲತೋಳು ಊದಿಕೊಳ್ಳುತ್ತಿತ್ತು. ಬೆರಳಚ್ಚಿನ ಕೆಲಸವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿ, ಉಳಿದ ಹೊತ್ತು ಕರಡು ತಿದ್ದುವ ಕೆಲಸ ಕೊಟ್ಟಾಗ, ಅವರಷ್ಟು ಚೆನ್ನಾಗಿ ಕರಡು ತಿದ್ದುವವರು ವಿಭಾಗದಲ್ಲಿ ಇನ್ನೊಬ್ಬರಿಲ್ಲವೆಂಬುದು ಗೊತ್ತಾಯಿತು. ಮನೋರೋಗದ ಚಿಕಿತ್ಸೆ ಪಡೆದು ಬಂದ ತರುಣನೊಬ್ಬನಿಗೆ ಬೇಕಾದದ್ದು ಇನ್ನೂ ಕಡಿಮೆ: ಬೆಳಗಿನ ಹೊತ್ತು ಒಂದು ಗಂಟೆಯ ರಿಯಾಯಿತಿ ಮತ್ತು ಅವನ ರೋಗದ ಹೆಸರು ಕ್ಯಾಂಟೀನಿನ ಮಾತಾಗದಿರುವುದು. ಎರಡನೆಯದನ್ನು ಒದಗಿಸುವುದೇ ಹೆಚ್ಚು ಕಷ್ಟವಾಯಿತು.

ಇವುಗಳಿಂದ ನಾನು ಕಂಡುಕೊಂಡ ಕ್ರಮ ಸರಳವಾದದ್ದು. ರಜೆಯ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಕಚೇರಿಯ ಪರವಾಗಿ ಒಬ್ಬರು, ರೋಗಿಗೆ ಒಪ್ಪಿಗೆಯಾದವರು, ದೂರವಾಣಿಯಲ್ಲಿ ಮಾತನಾಡಬೇಕು. 'ಯಾವಾಗ ಬರುತ್ತೀರಿ?' ಎಂಬ ಪ್ರಶ್ನೆ ಆ ಮಾತಿನಲ್ಲಿ ಬರಬಾರದು. ಕೆಲಸಕ್ಕೆ ಹಾಜರಾಗುವ ಒಂದು ವಾರ ಮೊದಲು ಅವರೊಡನೆ ಕುಳಿತು, ಏನು ಮಾಡಬಲ್ಲರು, ಏನು ಸದ್ಯಕ್ಕೆ ಆಗದು ಎಂಬುದನ್ನು ಬರೆದುಕೊಳ್ಳಬೇಕು. ಕೂಡಿಬಿದ್ದ ಕೆಲಸವನ್ನು ಅವರು ಬರುವ ಮೊದಲೇ ವಿಲೇವಾರಿ ಮಾಡಬೇಕು. ಆ ಹೊರೆ ಹೊತ್ತ ಸಹೋದ್ಯೋಗಿಗಳಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು. ಇಲ್ಲವಾದರೆ ಅವರ ಅಸಮಾಧಾನವೆಲ್ಲ ರೋಗಿಯ ಮೇಲೆ ತಿರುಗುತ್ತದೆ. ಹಗುರ ಕೆಲಸಕ್ಕೆ ಒಂದು ಕೊನೆಯ ದಿನಾಂಕವಿರಬೇಕು ಮತ್ತು ಆ ದಿನ ಮತ್ತೆ ಕುಳಿತು ನೋಡಬೇಕು. ರೋಗದ ವಿವರ ಮೊಹರು ಮಾಡಿದ ಲಕೋಟೆಯಲ್ಲಿರಬೇಕು.

ಹಳೆಯ ಕೆಲಸಕ್ಕೆ ಮರಳಲಾಗದವರು

ಎಲ್ಲರೂ ಹಳೆಯ ಕೆಲಸಕ್ಕೆ ಮರಳಲಾರರು. ಕಾಲು ಕಳೆದುಕೊಂಡವರು, ದೃಷ್ಟಿ ಕುಂದಿದವರು ಇದ್ದಾರೆ. ಇಂಥವರಿಗೆ ಕಚೇರಿಗಳು ಮೊದಲು ತೋರಿಸುತ್ತಿದ್ದ ಬಾಗಿಲು ಅಶಕ್ತತೆಯ ನಿವೃತ್ತಿ. 1995ರ ಅಂಗವಿಕಲರ ಕಾಯಿದೆಯ 47ನೆಯ ಕಲಮು ಅದನ್ನು ತಡೆಯಿತು. ಕೇಂದ್ರದ ಭದ್ರತಾ ಪಡೆಯೊಂದರಲ್ಲಿ ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಅಶಕ್ತರೆಂದು ಮನೆಗೆ ಕಳಿಸಿದ್ದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 20ನೆಯ ಕಲಮು ಇದನ್ನೇ ಮುಂದುವರಿಸಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ ಉಳಿಸಿಕೊಳ್ಳಬೇಕು.

ನಾವು ದಿನವೂ ಹತ್ತುವ ಬಸ್ಸುಗಳದೇ ಒಂದು ಪ್ರಕರಣವಿದೆ. ತೆಲಂಗಾಣ ರಸ್ತೆ ಸಾರಿಗೆ ಸಂಸ್ಥೆಯ ಚಾಲಕರೊಬ್ಬರಿಗೆ ಬಣ್ಣಗುರುಡು ಇದೆಯೆಂದು ತಪಾಸಣೆಯಲ್ಲಿ ಕಂಡು ಅವರನ್ನು ನಿವೃತ್ತಿಗೊಳಿಸಲಾಗಿತ್ತು. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬಸ್ಸು ಓಡಿಸಲಾರದವರು ಬೇರೆ ಕೆಲಸ ಮಾಡಲಾರರೆಂದು ಅರ್ಥವಲ್ಲ. ಬೇರೆ ಕೆಲಸವನ್ನು ಪ್ರಾಮಾಣಿಕವಾಗಿ ಹುಡುಕುವ ಹೊಣೆ ಸಂಸ್ಥೆಯದು ಎಂಬುದು ತೀರ್ಪಿನ ತಿರುಳು. ಯಾರಾದರೂ 'ಅಶಕ್ತತೆಯ ನಿವೃತ್ತಿಗೆ ಸಹಿ ಹಾಕಿ' ಎಂದು ಕಾಗದ ಮುಂದಿಟ್ಟರೆ, ಸಹಿಗೆ ಮೊದಲು ಈ ಕಲಮನ್ನು ನೆನೆಯಿರಿ.

ಹೊರನಾಡಿನವರ ಕಷ್ಟ

ಈವರೆಗೆ ಹೇಳಿದ್ದು ಎಲ್ಲ ನೌಕರರಿಗೂ ಅನ್ವಯಿಸುವಂಥದು. ನಮಗೆ ಮೇಲೆ ಇನ್ನೂ ಒಂದೆರಡು ಹೊರೆಗಳಿವೆ. ಊರಿಗೆ ಹೋದ ರೋಗಿ ಅಲ್ಲಿಯ ವೈದ್ಯರಿಂದ ತರುವ ಚೀಟಿ ಇಲ್ಲಿಯ ಕಚೇರಿಗೆ ಅಪರಿಚಿತ. ಆಸ್ಪತ್ರೆಯ ಮೊಹರು ಕನ್ನಡದಲ್ಲಿದ್ದರೆ ಅದನ್ನು ಓದುವವರಿಲ್ಲ. ಓದಲಾಗದ ಕಾಗದದ ಮೇಲೆ ಅನುಮಾನ ಬೇಗ ಹುಟ್ಟುತ್ತದೆ. ಕೇಂದ್ರ ಸ್ಥಾನ ಬಿಡುವ ಮೊದಲು ಅನುಮತಿ ಕೇಳದಿದ್ದರೆ ನಿಜವಾದ ರೋಗಿಯೂ ಗೈರುಹಾಜರಿಯ ಆರೋಪಕ್ಕೆ ಗುರಿಯಾಗುತ್ತಾನೆ. ಆದ್ದರಿಂದ ಹೊರಡುವ ಮುನ್ನ ಒಂದು ಸಾಲಿನ ಅರ್ಜಿಯಲ್ಲಿ ಊರಿನ ವಿಳಾಸ ಮತ್ತು ದೂರವಾಣಿ ಸಂಖ್ಯೆ ಕೊಟ್ಟು ಹೋಗಿ. ರಜೆ ವಿಸ್ತರಿಸಬೇಕಾದರೆ ಮುಗಿಯುವ ಮೊದಲೇ ಬರೆಯಿರಿ. ಇ.ಎಸ್.ಐ. ಸದಸ್ಯರಿಗೆ ಬೇರೆ ರಾಜ್ಯದ ಇ.ಎಸ್.ಐ. ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಪಡೆಯಲು ಸಾಧ್ಯ. ಸನತ್‌ನಗರದಲ್ಲಿರುವಂತೆ ಕಲಬುರಗಿಯಲ್ಲಿಯೂ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಅಲ್ಲಿಯ ಚೀಟಿ ತಂದರೆ ಮುಂದಿನ ತಕರಾರು ಎಷ್ಟೋ ಕಡಿಮೆ.

ನಮ್ಮಲ್ಲಿ ಅತ್ಯಂತ ದುರ್ಬಲರು ಗುತ್ತಿಗೆಯ ಕೆಲಸಗಾರರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಬಂದು ಕಟ್ಟಡದ ಕೆಲಸ, ಕಾವಲು ಕೆಲಸ, ಕಾರ್ಖಾನೆಯ ಕೂಲಿ ಮಾಡುವವರು. ಅವರಲ್ಲಿ ಅನೇಕರಿಗೆ ಒಂದು ದಿನದ ಜ್ವರವೆಂದರೆ ಒಂದು ದಿನದ ಕೂಲಿ ಹೋಯಿತು. ಒಂದು ತಿಂಗಳ ಜ್ವರವೆಂದರೆ ಕೆಲಸವೇ ಹೋಯಿತು. ಇ.ಎಸ್.ಐ.ನ ವೇತನದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಯೋಜನೆಗೆ ಒಳಪಟ್ಟ ಸಂಸ್ಥೆಯಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕರೂ ಅದರ ವ್ಯಾಪ್ತಿಗೆ ಬರುತ್ತಾರೆ. ಆದರೆ ತಮ್ಮ ಹೆಸರಿನಲ್ಲಿ ವಿಮಾ ಸಂಖ್ಯೆ ಇದೆಯೇ, ವಂತಿಗೆ ಸಂದಾಯವಾಗುತ್ತಿದೆಯೇ ಎಂಬುದು ಕಾಯಿಲೆ ಬೀಳುವವರೆಗೂ ಅವರಿಗೆ ತಿಳಿಯುವುದಿಲ್ಲ. ಆಮೇಲೆ ತಿಳಿದು ಪ್ರಯೋಜನವಿಲ್ಲ.

ಸಂಘಕ್ಕೆ ನನ್ನ ಸೂಚನೆಗಳು ನಾಲ್ಕು. ತೆಲುಗು ಬಾರದ ತಂದೆತಾಯಿಯರು ರೋಗಿಯ ಜತೆಗಿದ್ದಾಗ ಆಸ್ಪತ್ರೆಗೆ ಒಬ್ಬ ಸದಸ್ಯರು ಜತೆಯಾಗಿ ಹೋಗುವ ಸರದಿಯ ಪಟ್ಟಿ ಮಾಡೋಣ. ಕನ್ನಡದ ವೈದ್ಯಕೀಯ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವ ಇಬ್ಬರು ಮೂವರನ್ನು ಗೊತ್ತುಮಾಡೋಣ. ರಜೆಯ ಅರ್ಜಿ, ವಿಸ್ತರಣೆ, ಮೇಲ್ಮನವಿ ಬರೆಯಲು ಭಾನುವಾರ ಒಂದು ಗಂಟೆ ನಾನು ಈ ಕಟ್ಟಡದಲ್ಲಿಯೇ ಕೂರಲು ಸಿದ್ಧನಿದ್ದೇನೆ; ನಿವೃತ್ತರಾದ ಹಿರಿಯರು ಜತೆಗೂಡಿದರೆ ಇನ್ನೂ ಒಳ್ಳೆಯದು. ಕೊನೆಯದಾಗಿ, ರಾಜ್ಯೋತ್ಸವದ ದಿನ ಬರುವ ಗುತ್ತಿಗೆ ಕಾರ್ಮಿಕರ ಇ.ಎಸ್.ಐ. ಸಂಖ್ಯೆಯನ್ನೂ ವಂತಿಗೆಯನ್ನೂ ಪರಿಶೀಲಿಸಿಕೊಡುವ ಒಂದು ಮೇಜನ್ನು ಪುಸ್ತಕ ಮಳಿಗೆಯ ಪಕ್ಕದಲ್ಲಿ ಇಡೋಣ. ಯುವಕರ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಆಗುವ ಕೆಲಸ ಅದು.

ಇಲ್ಲಿರುವ ಅಧಿಕಾರಿ ಮಿತ್ರರಲ್ಲಿ ನನ್ನದು ಇಷ್ಟೇ ವಿನಂತಿ. ಮುಂದಿನ ಸಲ ದೀರ್ಘ ರಜೆಯ ಕಡತ ನಿಮ್ಮ ಮುಂದೆ ಬಂದಾಗ ಮಂಜೂರಾತಿಯ ಸಹಿಗೆ ಅದನ್ನು ಮುಗಿಸಬೇಡಿ. ಈ ವ್ಯಕ್ತಿ ಮರಳಿ ಬಂದ ದಿನ ಯಾವ ಮೇಜಿನ ಮುಂದೆ ಕೂರುತ್ತಾರೆ, ಮೊದಲ ವಾರ ಏನು ಮಾಡುತ್ತಾರೆ ಎಂಬ ಎರಡು ಸಾಲಿನ ಟಿಪ್ಪಣಿಯನ್ನು ಅದೇ ಕಡತದಲ್ಲಿ ಬರೆದಿಡಿ.